ಒಂದು ಟೆಂಡರ್ ಕಲ್ಲಿದ್ದಲು

ಮೇ ೯, ವಾಯ್ಸ್ ನೋಟ್

ಅಕ್ಕಾ, ಮಲಗಿರ್ತೀಯ, ಗೊತ್ತು. ಬೆಳಿಗ್ಗೆ ಅಂಗಡಿಗೆ ನಡ್ಕೊಂಡು ಹೋಗ್ತಾ ಕೇಳು. ಹೊಲಿಗೆ ಮಿಷನ್ ಪಕ್ಕ ಫೋನ್ ಇಟ್ಟು ಎಲ್ಲರಿಗೂ ಕೇಳಿಸ್ಬೇಡ. ಹೋದ್ಸಲ ನಾನು ಇಲ್ಲಿನ ಯಜಮಾನಿಯನ್ನ ಬೈದಿದ್ದು ನಿಮ್ಮ ಪರದೆ ಅಂಗಡಿಯವರೆಲ್ಲ ಕೇಳ್ಕೊಂಡು ನಕ್ಕಿದ್ರಂತೆ.

ಆ ಯಜಮಾನಿ ಇವತ್ತು ನನಗೆ ಮೇಜು ಕೊಟ್ರು. ಇಷ್ಟು ದಿನ ಆಟದ ರೈಲನ್ನ ಡಬ್ಬಕ್ಕೆ ಹಾಕಿ ಅಂಟಿಸೋ ಕೆಲ್ಸ ಅಲ್ವಾ. ಆಟದ ರೈಲು ಅನ್ನೋ ಹಾಗಿಲ್ಲ ಇಲ್ಲಿ, ಮಾಡೆಲ್ ಅನ್ಬೇಕು, ತಗೊಳ್ಳೋರೆಲ್ಲ ತಲೆ ನರೆತವರು. 'ಉಗಿ ಎಂಜಿನ್ ನೋಡಿದೋರು ಯಾರಾದ್ರೂ ಇದೀರಾ' ಅಂತ ಕೇಳಿದ್ರು. ನಮ್ಮಪ್ಪ ಕಾರ್ಖಾನೆ ರೈಲಲ್ಲಿ ಫೈರ್‌ಮನ್ ಆಗಿದ್ರು, ಬಾಯ್ಲರ್ ಒಲೆಗೆ ಕಲ್ಲಿದ್ದಲು ಎತ್ತಿ ಹಾಕ್ತಿದ್ರು ಅಂದೆ. 'ಹಾಗಾದ್ರೆ ಟೆಂಡರ್ ನೀನು ಮಾಡು' ಅಂದ್ರು. ಎಂಜಿನ್ ಬೆನ್ನಿಗೆ ಕಲ್ಲಿದ್ದಲು ಗಾಡಿ ಇರತ್ತಲ್ಲ, ಅದಕ್ಕೆ ಕಲ್ಲಿದ್ದಲು ತುಂಬೋ ಕೆಲ್ಸ. ಅಪ್ಪ ಖಾಲಿ ಮಾಡ್ತಿದ್ರು, ನಾನು ತುಂಬ್ತೀನಿ. ಅವರ ಸಲಿಕೆ ನನ್ನಷ್ಟು ಉದ್ದ ಇತ್ತು. ನನ್ನದು ಚಿಮುಟ.

ಗಿರಾಕಿ ಒಬ್ರು ಹಲ್ಲಿನ ಡಾಕ್ಟರ್. ರಿಟೈರ್ ಆಗಿದಾರೆ, ಆದ್ರೆ ಬಾಯೊಳಗೆ ಹಾಕಿ ನೋಡೋ ಆ ಪುಟ್ಟ ಕನ್ನಡಿ ಇನ್ನೂ ಜೇಬಲ್ಲಿ ಇಟ್ಕೊಂಡೇ ಓಡಾಡ್ತಾರೆ. ಎಂಜಿನ್ ರೆಡಿ ಇದೆ, ಒಂದು ಮೊಳ ಉದ್ದ. ಟೆಂಡರ್ ಖಾಲಿ. ಜುಲೈ ಮುಗಿಯೋದ್ರೊಳಗೆ ಅವರು ಒಪ್ಪೋ ಹಾಗೆ ಕಲ್ಲಿದ್ದಲು ತುಂಬಿದ್ರೆ ಈ ಮೇಜು ನನಗೇ. ಇಲ್ಲಾಂದ್ರೆ ವಾಪಸ್ ಡಬ್ಬಕ್ಕೆ. ಡಬ್ಬದ ಕೆಲ್ಸಕ್ಕೆ ಆಗಸ್ಟ್‌ನಲ್ಲಿ ಮಿಷನ್ ಬರ್ತಿದೆ. ಕೆಲ್ಸ ಹೋದ್ರೆ ಈ ದೇಶದಲ್ಲಿರೋ ಪರ್ಮಿಟ್ಟೂ ಹೋಗತ್ತೆ. ಭಯ ಏನಿಲ್ಲ, ಇರೋದನ್ನ ಹೇಳ್ತಿದೀನಿ.

ಒಂದು ಕೆಲ್ಸ ಮಾಡು. ಕೊನೇ ಎಂಜಿನ್ ಬೆಂಕಿ ಆರಿಸಿದ ದಿನ ಅಪ್ಪ ಒಂದು ಗೋಣಿ ಚೀಲ ಹೊತ್ಕೊಂಡು ಬಂದಿದ್ರಲ್ಲ. ಕಾರ್ಖಾನೆಯವರು ಎಲ್ಲರಿಗೂ ಗೋಡೆ ಗಡಿಯಾರ ಕೊಟ್ರೆ, ಇವರು 'ಗಡಿಯಾರ ಬೇಡ, ಟೆಂಡರಲ್ಲಿ ಉಳಿದಿರೋದನ್ನ ಕೊಡಿ' ಅಂದಿದ್ರು. ಅಮ್ಮ ಇದ್ದಷ್ಟು ದಿನ ಆ ಚೀಲಕ್ಕೆ ಬೈತಾನೇ ಇದ್ಲು. ಮೆಟ್ಟಿಲ ಕೆಳಗೆ ಇರ್ಬೇಕು. ಅದರಿಂದ ಒಂದೆರಡು ತುಂಡು ಕಳ್ಸು. ನಿಜವಾದ ಕಲ್ಲಿದ್ದಲು ಒಡೆದು ಹಾಕಿದ್ರೇ ಆ ಹೊಳಪು ಬರೋದು. ಇಲ್ಲಿ ಪ್ಯಾಕೆಟ್‌ನಲ್ಲಿ ಸಿಗೋದಕ್ಕೆ ಹೊಳಪೇ ಇಲ್ಲ, ಬೂಟ್ ಪಾಲಿಶ್ ಥರ ಇದೆ.

ಮೇಲಿನ ಮಂಚದವನು ಗೋಡೆ ತಟ್ತಿದಾನೆ. ಇಡ್ತೀನಿ.


ಮೇ ೧೪

ಗಾರ್ಡ್ ಸಾಹೇಬರಿಗೆ,

ನಾನು ಕಾಗದದಲ್ಲಿ ಬರೆದು ಅದರ ಫೋಟೋ ಕಳಿಸುತ್ತೇನೆ. ಫೋನಿಗೆ ಮಾತಾಡು ಎಂದರೆ ನನಗೆ ಅರ್ಧ ಮರೆತುಹೋಗುತ್ತದೆ. ಬಟ್ಟೆ ಕತ್ತರಿಸುವ ಮೊದಲು ಗುರುತು ಹಾಕಿಕೊಳ್ಳುವ ಅಭ್ಯಾಸ, ಮಾತಿಗೂ ಅದೇ ಬೇಕಾಗುತ್ತದೆ.

ಮೇಜು ಸಿಕ್ಕಿದ್ದು ಕೇಳಿ ಸಂತೋಷವಾಯಿತು. ನೀನು ಚಿಕ್ಕವನಿದ್ದಾಗ ಎಲ್ಲಿಗೆ ಹೋದರೂ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದೆ. ಅದಕ್ಕೇ ಅಪ್ಪ ನಿನಗೆ ಗಾರ್ಡ್ ಎಂದು ಹೆಸರಿಟ್ಟಿದ್ದು. ಕೊನೆಯ ಡಬ್ಬಿಯಲ್ಲಿ ಕೂತು ಬರುವವನು. ಈಗ ಎಂಜಿನ್ನಿಗೆ ಹತ್ತಿರ ಬಂದೆ.

ಚೀಲ ಇದೆ. ಕಳಿಸುತ್ತೇನೆ. ಈ ವಾರ ಆಗುವುದಿಲ್ಲ, ಹೊಸ ಆಸ್ಪತ್ರೆಯೊಂದರ ಪರದೆಗಳು ಬಂದಿವೆ, ಎಲ್ಲ ಒಂದೇ ಹಸಿರು. ಹೊಲಿದು ಹೊಲಿದು ಕಣ್ಣು ಮುಚ್ಚಿದರೂ ಹಸಿರು ಕಾಣುತ್ತದೆ.

ಊಟ ಸರಿಯಾಗಿ ಮಾಡು. ಆ ಮೇಲಿನ ಮಂಚದವನ ಜೊತೆ ಜಗಳ ಬೇಡ.

ಅಕ್ಕ


ಮೇ ೨೨, ವಾಯ್ಸ್ ನೋಟ್

ಮೊದಲನೇದು ವಾಪಸ್ ಬಂತು ಅಕ್ಕ.

ನಾನು ಪ್ಯಾಕೆಟ್ ಕಲ್ಲಿದ್ದಲಲ್ಲೇ ಮಾಡಿದ್ದೆ. ಹೇಗೆ ಮಾಡೋದು ಹೇಳ್ಲಾ, ನಿನಗೆ ಹೊಲಿಗೆ ಥರಾನೇ ಅನ್ಸತ್ತೆ. ಮೊದಲು ಸ್ಪಂಜಿನ ಥರದ ಒಂದು ತುಂಡನ್ನ ಟೆಂಡರ್ ಅಳತೆಗೆ ಕತ್ತರಿಸಿ, ಗುಡ್ಡೆ ಆಕಾರಕ್ಕೆ ಕೆತ್ತಿ, ಕಪ್ಪು ಬಣ್ಣ ಬಳೀಬೇಕು. ಅದರ ಮೇಲೆ ಬಿಳಿ ಅಂಟು. ಕಲ್ಲಿದ್ದಲು ತೊಳೆದು, ಒಣಗಿಸಿ, ಒಡೆದು, ಟೀ ಸೋಸೋ ಜಾಲರೀಲಿ ಜರಡಿ ಹಿಡೀಬೇಕು. ನಮ್ಮ ಅಳತೇಲಿ ಒಂದು ಸಾಸಿವೆ ಕಾಳು ಅಂದ್ರೆ ಮುಷ್ಟಿ ಗಾತ್ರದ ಗಡ್ಡೆ. ಮೊದಲು ಪುಡಿ ಉದುರಿಸ್ಬೇಕು, ಆಮೇಲೆ ಗಡ್ಡೆಗಳನ್ನ ಚಿಮುಟದಲ್ಲಿ ಒಂದೊಂದೇ ಕೂರಿಸ್ಬೇಕು. ಕೊನೆಗೆ ನೀರು ಬೆರೆಸಿದ ಅಂಟು, ಅದಕ್ಕೆ ಒಂದು ತೊಟ್ಟು ಪಾತ್ರೆ ತೊಳೆಯೋ ಸೋಪು ಹಾಕಿ, ಹನಿಹನಿಯಾಗಿ ಬಿಡ್ಬೇಕು. ಬೆಳಿಗ್ಗೆ ಹೊತ್ತಿಗೆ ಬಂಡೆ ಥರ ಗಟ್ಟಿ ಆಗತ್ತೆ.

ಡಾಕ್ಟರ್ ಆ ಕನ್ನಡಿ ತೆಗೆದು ಟೆಂಡರ್ ಮೂಲೆ ಮೂಲೆ ನೋಡಿದ್ರು. 'ಬಾಯಿ ತೆಗಿ' ಅನ್ನೋದೊಂದು ಬಾಕಿ. 'ಬಹಳ ನೀಟಾಗಿದೆ' ಅಂದ್ರು. ನಾನು ಥ್ಯಾಂಕ್ಸ್ ಅಂದೆ. 'ಹೊಗಳಿದ್ದಲ್ಲಪ್ಪಾ. ಎಲ್ಲಾ ಒಂದೇ ಸಮ ಇದೆ. ಇದು ಕಟ್ಟಿಸಿದ ಹಲ್ಲಿನ ಸೆಟ್ಟು' ಅಂತ ಅಂದು ಹೋಗ್ಬಿಟ್ರು. ಪಕ್ಕದ ಮೇಜಲ್ಲಿ ಎಂಜಿನ್‌ಗೆ ಬಣ್ಣ ಬಳಿಯೋ ಬಣ್ಣದವನು ಈಗ ನನ್ನ ನೋಡಿದಾಗೆಲ್ಲ ಹಲ್ಲು ಕಿರಿದು ತೋರಿಸ್ತಾನೆ.

ಬೇಜಾರಾಯ್ತಾ ಅಂತ ನೀನು ಕೇಳ್ತೀಯ. ಆಗ್ಲಿಲ್ಲ. ಅದೇ ನನಗೂ ವಿಚಿತ್ರ ಅನ್ಸೋದು. ಫೆಬ್ರವರೀಲಿ ನೀನು ಫೋನ್ ಮಾಡಿ ಅಪ್ಪ ಹೋದ್ರು, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ ಅಂದೆ. ನಾನು ಡಬ್ಬ ಅಂಟಿಸ್ತಿದ್ದೆ. 'ಸರಿ' ಅಂದೆ. ಫೋನ್ ಜೇಬಿಗಿಟ್ಟು ಮಿಕ್ಕ ಡಬ್ಬನೂ ಅಂಟಿಸ್ದೆ. ಅವತ್ತು ಒಂದು ಡಬ್ಬನೂ ಸೊಟ್ಟ ಆಗ್ಲಿಲ್ಲ. ಹಲ್ಲು ಕೀಳೋ ಮುಂಚೆ ಸೂಜಿ ಚುಚ್ತಾರಲ್ಲ, ಆಮೇಲೆ ಕೆನ್ನೆ ಮುಟ್ಕೊಂಡ್ರೆ ಬೇರೆ ಯಾರದೋ ಕೆನ್ನೆ ಥರ ಇರತ್ತಲ್ಲ, ಹಾಗಿದೀನಿ. ಅವತ್ತಿಂದ ಹಾಗೇ.

ಜನವರೀಲಿ ಫೋನಲ್ಲಿ ಸಿಕ್ಕಿದಾಗ ಅಪ್ಪ ಏದುಸಿರು ಬಿಡ್ತಿದ್ರು. 'ಏನಪ್ಪಾ ಓಡ್ಕೊಂಡು ಬಂದ್ರಾ' ಅಂದೆ. 'ಡ್ಯೂಟಿ ಮೇಲಿದೀನಿ ಕಣೋ, ಫೈರ್‌ಗೆ ಹಾಕ್ತಾ ಇದ್ದೆ' ಅಂದ್ರು. ಇಬ್ರೂ ನಕ್ಕಿದ್ವಿ. ಅದು ಯಾಕೋ ಪದೇ ಪದೇ ನೆನಪಾಗತ್ತೆ. ದುಃಖ ಆಗಲ್ಲ, ಬರೀ ನೆನಪಾಗತ್ತೆ.

ಆ ತುಂಡು ಕಳ್ಸು. ಮರೀಬೇಡ.


ಜೂನ್ ೧

ಗಾರ್ಡ್,

ಪಾರ್ಸೆಲ್ ಹೋಯಿತು. ಅಂಚೆಯವನು ಒಳಗೆ ಏನಿದೆ ಎಂದು ಕೇಳಿದ. ಕಪ್ಪು ಕಲ್ಲು, ಅಲಂಕಾರಕ್ಕೆ ಎಂದೆ. 'ನಿಮ್ಮ ಕಡೆಯವರು ಅಲ್ಲಿ ಕಲ್ಲಿಗೂ ಗತಿಯಿಲ್ಲದೆ ಇದ್ದಾರಾ' ಎಂದು ಕೇಳಿದ. ಪರದೆಯ ಅಸ್ತರಿನಲ್ಲಿ ಸುತ್ತಿ ಕಳಿಸಿದ್ದೇನೆ. ಆ ಬಟ್ಟೆ ಒಳ್ಳೆಯದು, ಬಿಸಾಡಬೇಡ.

ಹೇಗಿದ್ದರೂ ಒಡೆದು ಪುಡಿ ಮಾಡುತ್ತೀಯಲ್ಲ. ಪುಡಿಯಾದ ಮೇಲೆ ಎಲ್ಲ ಒಂದೇ ಕಪ್ಪು.

ಸೂಜಿಯ ಮಾತು ಓದಿದೆ, ಅಂದರೆ ಕೇಳಿದೆ. ಎರಡು ಸಲ ಕೇಳಿದೆ. ಮರಗಟ್ಟಿದ ಕೆನ್ನೆಯಲ್ಲಿ ಬಿಸಿ ಕಾಫಿ ಕುಡಿಯಬಾರದು ಎನ್ನುತ್ತಾರೆ, ಸುಟ್ಟರೂ ಗೊತ್ತಾಗುವುದಿಲ್ಲವಂತೆ. ಸ್ವಲ್ಪ ಜೋಪಾನವಾಗಿರು. ಅಷ್ಟೇ ತೋಚಿತು.

ಅಕ್ಕ


ಜೂನ್ ೧೭, ವಾಯ್ಸ್ ನೋಟ್

ಪಾರ್ಸೆಲ್ ಬಂತು.

ನಾನು ಹೇಳಿದ್ನಲ್ಲ, ಒಡೆಯೋಕೆ ಮುಂಚೆ ತೊಳೀತೀವಿ ಅಂತ. ಒಂದು ಲೋಟ ನೀರಿಗೆ ಹಾಕ್ದೆ. ಅಕ್ಕ, ಅಪ್ಪನ ಕಲ್ಲಿದ್ದಲು ತೇಲ್ತು.

ಬೆರಳಲ್ಲಿ ಕೆಳಗೆ ಒತ್ತಿದೆ. ಬಿಟ್ರೆ ಮತ್ತೆ ಮೇಲೆ ಬಂತು. ಸೌದೆ ಇದ್ದಲು ಅದು. ಮೂಲೆ ಅಂಗಡೀಲಿ ಮಾಂಸ ಸುಡೋಕೆ ಅಂತ ಚೀಲ ಚೀಲ ಮಾರ್ತಾರಲ್ಲ, ಅದು. ಒಂದು ಕಡೆ ತೊಗಟೆ ಕೂಡ ಇದೆ. ಫೈರ್‌ಮನ್ ಮಕ್ಕಳು ನಾವಿಬ್ರೂ. ನಿನಗೆ ಗೊತ್ತಾಗದೇ ಇರೋದಾ, ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?

ಮಾರಿದ್ಯಾ? ಮಾರಿದ್ರೆ ಮಾರಿದೆ ಅನ್ನು. ಬಿಸಾಕಿದ್ರೆ ಬಿಸಾಕಿದೆ ಅನ್ನು. ಜಾಗ ಸಾಕಾಗ್ತಿರಲಿಲ್ಲ, ಬಟ್ಟೆ ಮೇಲೆ ಮಸಿ ಆಗ್ತಿತ್ತು, ಅರ್ಥ ಆಗತ್ತೆ. ಅಪ್ಪ ಹೋದ ಮೇಲೆ ಚೀಲ ಯಾರಿಗೆ ಬೇಕು. ನಾನೇನು ಬೈತಿರಲಿಲ್ಲ. ಬೈಯೋಷ್ಟು ಕೋಪನೂ ಬರ್ತಿಲ್ಲ ನನಗೆ. ಆದ್ರೆ ಅಸ್ತರ್‌ನಲ್ಲಿ ಸುತ್ತಿ, ಮಡಿಕೆ ಮಡಿಚಿ, ಹೊಲಿಗೆ ಹಾಕಿ ಕಳಿಸಿದೀಯಲ್ಲ, ಅದೇನು ನಾಟಕ.

ಎರಡನೇದೂ ವಾಪಸ್ ಬಂತು. ಒಂದೇ ಸಮ ಇದೆ ಅಂದ್ರಲ್ಲ, ಈ ಸಲ ಹೇಗ್ ಹೇಗೋ ಸುರಿದೆ. 'ಈಗ ಇದು ಯಾರೋ ಸುರಿದು ಓಡಿಹೋದ ಹಾಗಿದೆ' ಅಂದ್ರು ಡಾಕ್ಟರ್. 'ಇಲ್ಲಿ ಯಾರೂ ಕೆಲ್ಸ ಮಾಡಿಲ್ಲ. ಟೆಂಡರ್ ತುಂಬ ಕಲ್ಲಿದ್ದಲಿದೆ, ಅದರ ಹತ್ರ ಒಬ್ಬ ಮನುಷ್ಯ ಬಂದಿಲ್ಲ' ಅಂದ್ರು. ಯಜಮಾನಿ ನನ್ನ ಮುಖ ನೋಡ್ಲಿಲ್ಲ, ಕ್ಯಾಲೆಂಡರ್ ನೋಡಿದ್ರು. ಇನ್ನೊಂದೇ ಸಲ.

ಅಷ್ಟೇ.


ಜೂನ್ ೨೬, ವಾಯ್ಸ್ ನೋಟ್

ಅಕ್ಕ. ನೀನು ಕೇಳಿದೀಯ ಅಂತ ಫೋನ್ ತೋರಿಸ್ತಿದೆ. ಉತ್ತರ ಇಲ್ಲ.

ನಾಟಕ ಅಂದಿದ್ದು ಜಾಸ್ತಿ ಆಯ್ತು. ಬಣ್ಣದವನಿಗೆ ವಿಷಯ ಹೇಳ್ದೆ, ಅಕ್ಕ ಮಾತಾಡ್ತಿಲ್ಲ ಅಂತ. 'ನನ್ನ ಅಕ್ಕ ಮಾತು ನಿಲ್ಲಿಸಿದ್ರೆ ನಾನು ಹಬ್ಬ ಮಾಡ್ತೀನಿ' ಅಂದ. ನಗು ಬರ್ಲಿಲ್ಲ. ಅವನೇ ನಕ್ಕ, ಆಮೇಲೆ ಅರ್ಧ ಬ್ರೆಡ್ ಕೊಟ್ಟ.

ಆ ಅಸ್ತರ್ ಬಟ್ಟೆ ದಿಂಬಿಗೆ ಹಾಕಿದೀನಿ. ಬಿಸಾಡಿಲ್ಲ.

ಇಲ್ಲಿ ನಿಜವಾದ ಕಲ್ಲಿದ್ದಲು ಒಂದಿಷ್ಟು ಸಿಕ್ಕಿದೆ, ಯಜಮಾನೀನೇ ತರಿಸಿಕೊಟ್ರು. ಹೊಳೆಯತ್ತೆ. ಆದ್ರೆ ಹೇಗೆ ಗುಡ್ಡೆ ಹಾಕ್ಬೇಕು ಅಂತ ಗೊತ್ತಾಗ್ತಿಲ್ಲ. ಮನುಷ್ಯ ಬಂದಿಲ್ಲ ಅಂದ್ರಲ್ಲ, ಬಂದಿದ್ದಾನೆ ಅಂತ ಹೇಗೆ ತೋರಿಸೋದು? ನಾನು ಎಂಜಿನ್ ಮೇಲೆ ಹತ್ತಿದ್ದೇ ಒಂದು ಸಲ. ಅದೂ ಅಪ್ಪನ ಭುಜದ ಮೇಲೆ, ಹೊಗೆಗೆ ಕಣ್ಣು ಮುಚ್ಕೊಂಡಿದ್ದೆ.

ಚೀಲದ ವಿಷಯ ಬಿಡು. ಕೇಳಲ್ಲ ಇನ್ನು. ಚೆನ್ನಾಗಿದೀಯ ಅಂತ ಒಂದು ಸಾಲು ಬರಿ, ಸಾಕು.


ಜುಲೈ ೧

ತಮ್ಮಾ,

ಚೆನ್ನಾಗಿದ್ದೇನೆ. ಒಂದು ಸಾಲು ಕೇಳಿದ್ದೀಯ, ಅದು ಇದು. ಉಳಿದದ್ದನ್ನು ಓದುವುದು ಬಿಡುವುದು ನಿನಗೆ ಬಿಟ್ಟದ್ದು.

ಚೀಲವನ್ನು ಮಾರಿಲ್ಲ, ಬಿಸಾಡಿಲ್ಲ. ಅಪ್ಪನೇ ಸುಟ್ಟರು.

ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ ಎಂದು ನಿನಗೆ ಹೇಳಿದ್ದೆ. ಅವರು ಮಲಗಿದ್ದು ಚಳಿಗಾಲ ಶುರುವಾದಾಗ. ಎದೆಯಲ್ಲಿ ನೀರು ತುಂಬಿತ್ತು. ಡಾಕ್ಟರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ನಿನಗೆ ಹೇಳೋಣ ಎಂದೆ. ಅಪ್ಪ ಬೇಡ ಎಂದರು. 'ಗಾರ್ಡ್‌ಗೆ ಹೇಳ್ಬೇಡ, ಅವನು ಕೆಂಪು ಬಾವುಟ ತೋರಿಸಿ ಗಾಡಿ ನಿಲ್ಲಿಸಿಬಿಡ್ತಾನೆ' ಎಂದರು. ಮೊದಲ ವರ್ಷ ಮುಗಿಯುವ ಮುಂಚೆ ನೀನು ಅಲ್ಲಿಂದ ಹೊರಟರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದು ನೀನೇ ಹೇಳಿದ್ದೆ. ಹೇಳಿದ್ದರೆ ನೀನು ಬರುತ್ತಿದ್ದೆ. ಬರುತ್ತಿದ್ದೆ ಎಂದು ಗೊತ್ತಿದ್ದೇ ಹೇಳಲಿಲ್ಲ. ನನಗೂ ಹೇಳಬೇಕು ಎಂದು ಇತ್ತು. ಇಬ್ಬರ ಮಾತಿನಲ್ಲಿ ಅವರದು ನಡೆಯಿತು, ಯಾವಾಗಲೂ ನಡೆಯುತ್ತಿದ್ದ ಹಾಗೆ.

ಅವರಿಗೆ ಚಳಿಯೋ ಚಳಿ. ಎಷ್ಟು ಹೊದೆಸಿದರೂ ಚಳಿ. ವಿದ್ಯುತ್ ಹೀಟರ್ ಹಚ್ಚಿದರೆ 'ಇದಕ್ಕೆ ಬೆಂಕಿ ಅಂತಾರಾ, ಕೆಂಪು ಬಲ್ಬು ಅಂತಾರಾ' ಎನ್ನುತ್ತಿದ್ದರು. ಒಂದು ದಿನ ಚೀಲ ತಂದಿಡು ಎಂದರು. ಹಳೆಯ ಕಬ್ಬಿಣದ ಒಲೆಯನ್ನು ಮಂಚದ ಪಕ್ಕಕ್ಕೆ ಎಳೆಸಿದರು, ಇನ್ನೊಂದು ಪಕ್ಕಕ್ಕೆ ಬಾಯಿ ಮಡಚಿ ಇಳಿಸಿದ ಚೀಲ. ಸಲಿಕೆ ಎಲ್ಲಿಂದ ತರಲಿ, ದೊಡ್ಡ ಸೌಟು ಕೊಟ್ಟೆ. ಮಲಗಿದಲ್ಲಿಂದಲೇ, ಒಂದೊಂದೇ ಸೌಟು.

ನಾನು ಹಾಕುತ್ತೇನೆ ಎಂದರೆ ಬಿಡುತ್ತಿರಲಿಲ್ಲ. ಒಂದು ಸಲ ಅವರು ನಿದ್ದೆಯಲ್ಲಿದ್ದಾಗ ನಾನು ಮೇಲಿನಿಂದ ಒಂದು ಗಡ್ಡೆ ತೆಗೆದು ಹಾಕಿದೆ. ಎದ್ದವರೇ ಚೀಲ ನೋಡಿ ಬೈದರು. 'ಮೇಲಿಂದ ಯಾಕೆ ತೆಗೆದೆ? ಬುಡದಿಂದ ತೆಗಿ. ಅದಾಗೇ ಜಾರಿ ನಿನ್ನ ಹತ್ರ ಬರತ್ತೆ, ನೀನ್ಯಾಕೆ ಅದರ ಹತ್ರ ಹೋಗ್ತೀಯ' ಎಂದರು. ದೊಡ್ಡ ಗಡ್ಡೆಗಳನ್ನೆಲ್ಲ ಚೀಲದ ಅಂಚಿಗೆ ಗೋಡೆಯ ಹಾಗೆ ಜೋಡಿಸಿದ್ದರು. ನಡುವೆ ಸಣ್ಣವು. ಎದುರಿಗೆ, ತಮ್ಮ ಕೈ ಹೋಗುವ ಕಡೆ, ಒಂದು ಗುಂಡಿ. ಅಷ್ಟು ಕಡೆ ಮಾತ್ರ ತೆಗೆಯುವುದು. ಎಡಗೈಯವರಲ್ಲವಾ, ಗುಂಡಿ ನೇರ ಇರುತ್ತಿರಲಿಲ್ಲ, ಒಂದು ಬದಿಗೆ ವಾಲಿಕೊಂಡಿರುತ್ತಿತ್ತು. ಆ ಗುಂಡಿಯ ಬಾಯಲ್ಲಿ ಯಾವಾಗಲೂ ಸ್ವಲ್ಪ ಪುಡಿ ಚೆಲ್ಲಿರುತ್ತಿತ್ತು. ನಾನು ಗುಡಿಸಲು ಹೋದರೆ 'ಇರ್ಲಿ ಬಿಡು, ಕೆಲ್ಸ ನಡೀತಾ ಇರೋ ಜಾಗ' ಎನ್ನುತ್ತಿದ್ದರು.

ನೀನು ಜನವರಿಯಲ್ಲಿ ಫೋನ್ ಮಾಡಿದಾಗ ಸೌಟು ಕೈಯಲ್ಲಿತ್ತು. ಫೈರ್‌ಗೆ ಹಾಕುತ್ತಿದ್ದೆ ಎಂದದ್ದು ತಮಾಷೆಯಲ್ಲ.

ಚೀಲ ಮುಗಿದ ಮೇಲೂ ಒಲೆ ಒಂದು ದಿನ ಬೆಚ್ಚಗಿತ್ತು. ಅವರು ಹೋದದ್ದು ಅದಾದ ಮೇಲೆ, ಮಧ್ಯಾಹ್ನ, ಊಟದ ನಂತರ. ಅಷ್ಟು ಮಾತ್ರ ನಿನಗೆ ನಿಜ ಹೇಳಿದ್ದೆ.

ನೀನು ಒಂದು ತುಂಡು ಕೇಳಿದಾಗ ಚೀಲ ಖಾಲಿ ಎಂದು ಬರೆಯಬಹುದಿತ್ತು. ಬರೆದರೆ ಹೇಗೆ ಖಾಲಿಯಾಯಿತು ಎಂದು ಕೇಳುತ್ತಿದ್ದೆ. ಮೂಲೆ ಅಂಗಡಿಗೆ ಹೋದೆ. ಕಲ್ಲಿದ್ದಲು ಈಗ ಇಲ್ಲಿ ಯಾರ ಹತ್ತಿರವೂ ಇಲ್ಲ. ತೇಲುತ್ತದೆ ಎಂಬುದು ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಕಲ್ಲಿದ್ದಲನ್ನು ನೀರಿಗೆ ಹಾಕಿದವರಲ್ಲ.

ಅಕ್ಕ


ಜುಲೈ ೨, ವಾಯ್ಸ್ ನೋಟ್

ಓದಿದೆ.

ಫೋನ್ ಹಿಡ್ಕೊಂಡು ಫ್ಯಾನ್ ಕೆಳಗೆ ಕೂತಿದೀನಿ, ಸದ್ದು ಕೇಳಿಸ್ತಿರ್ಬೇಕು.

ಕೋಪ ಇಲ್ಲ. ಇರ್ಬೇಕಿತ್ತು ಅನ್ಸತ್ತೆ. ನಿನ್ನ ಮೇಲೆ, ಅವರ ಮೇಲೆ. ಹುಡುಕಿ ನೋಡ್ದೆ, ಸಿಗ್ಲಿಲ್ಲ. ನೀನೊಬ್ಳೇ ಇದ್ಯಲ್ಲ ಅಷ್ಟು ದಿನ, ಹಗಲು ಪರದೆ, ಸಂಜೆ ಆ ಒಲೆ, ಅದು ಮಾತ್ರ ಕಣ್ಣಿಗೆ ಕಟ್ತಿದೆ. ನನಗೆ ಫೋನ್ ಮಾಡಿ 'ಇಲ್ಲಿ ಎಲ್ಲಾ ಆರಾಮ, ನಿನ್ನ ಶೂ ಸರಿ ಇದ್ಯಾ' ಅಂತ ಕೇಳ್ತಿದ್ದೆ. ನಾನು ಶೂ ಬಗ್ಗೆ ಇಡೀ ಫೋನ್ ಮಾತಾಡಿದೀನಿ.

ಚೀಲ ಇದ್ಯಾ ಅಕ್ಕ? ಖಾಲಿ ಚೀಲ?


ಜುಲೈ ೫

ತಮ್ಮಾ,

ಚೀಲ ಇದೆ. ಬೈಯಬೇಡ, ಕಾಲೊರೆಸಲು ಹಿಂಬಾಗಿಲಿಗೆ ಹಾಕಿದ್ದೆ. ನಿನ್ನ ಮಾತು ಕೇಳಿ ತಂದು ಮೇಜಿನ ಮೇಲೆ ಹರವಿದೆ. ಒದರಿದರೆ ಏನೂ ಬೀಳಲಿಲ್ಲ. ಹೊಲಿಗೆಯವಳಲ್ಲವಾ, ಬುಡದ ಹೊಲಿಗೆಯ ಮಡಿಕೆಯನ್ನು ಬೆರಳಲ್ಲಿ ಹಿಸುಕಿ ನೋಡಿದೆ, ಗರಗರ ಎಂದಿತು. ದಾರ ಬಿಚ್ಚಿದೆ. ಎರಡೂ ಬದಿಯ ಹೊಲಿಗೆಯನ್ನೂ ಬಿಚ್ಚಿದೆ.

ಒಂದು ಹಿಡಿಯೂ ಇಲ್ಲ. ಪುಡಿ, ರಾಗಿಯಷ್ಟು ಸಾಸಿವೆಯಷ್ಟು ಕಾಳುಗಳು. ಒಂದನ್ನೂ ಗಡ್ಡೆ ಎನ್ನುವ ಹಾಗಿಲ್ಲ. ಲೋಟದ ನೀರಿಗೆ ಒಂದು ಚಿಟಿಕೆ ಹಾಕಿ ನೋಡಿದೆ. ಮುಳುಗಿತು.

ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಬೇಗ ಹೋಗುವ ಅಂಚೆಯಲ್ಲಿ ಕಳಿಸಿದ್ದೇನೆ. ನಿನ್ನ ಕೆಲಸಕ್ಕೆ ಇದರಿಂದ ಏನೂ ಆಗದು, ಗೊತ್ತು. ಉಳಿದದ್ದು ಇಷ್ಟೇ. ಡಬ್ಬಿಯಲ್ಲೇ ಇಟ್ಟುಕೊಳ್ಳಬೇಡ. ಎಲ್ಲಿಯಾದರೂ ಹಾಕು. ಅವರು ಅಷ್ಟು ವರ್ಷ ಮೆಟ್ಟಿಲ ಕೆಳಗೆ ಇಟ್ಟುಕೊಂಡಿದ್ದೂ ಕೊನೆಗೆ ಹಾಕುವುದಕ್ಕೇ ಆಯಿತು.

ಅಕ್ಕ


ಜುಲೈ ೧೮, ವಾಯ್ಸ್ ನೋಟ್

ಡಬ್ಬಿ ಬಂತು. ಅಕ್ಕ, ನೀನು ಪುಡಿ ಅಂತೀಯಲ್ಲ, ನಮ್ಮ ಅಳತೇಲಿ ಅದೇ ಗಡ್ಡೆ. ಮರೆತ್ಯಾ? ಸಾಸಿವೆ ಕಾಳು ಅಂದ್ರೆ ಮುಷ್ಟಿ. ನೀನು ಕಳಿಸಿರೋದು ಒಂದು ಟೆಂಡರ್ ತುಂಬತ್ತೆ. ತಳಕ್ಕೆ ಸ್ಪಂಜ್ ಇರತ್ತಲ್ಲ, ಮೇಲ್ಮೈಗೆ ಇಷ್ಟು ಸಾಕು. ಅಳೆದು ನೋಡ್ದೆ, ಬೇಕಾದಷ್ಟೇ ಇದೆ. ಒಡೆಯೋ ಕೆಲ್ಸಾನೂ ಇಲ್ಲ.

ಯಜಮಾನಿ ತರಿಸಿದ್ದನ್ನ ಪಕ್ಕಕ್ಕಿಟ್ಟೆ. ಬಣ್ಣದವನು ಕೇಳ್ದ, 'ಇದನ್ನ ಆ ಹಲ್ಲು ಡಾಕ್ಟರ್‌ಗೆ ಕೊಟ್ಬಿಡ್ತೀಯಾ? ನಿನ್ನ ಹತ್ರ ಇಟ್ಕೋಬಾರ್ದಾ?' ಅಂತ. ಅಪ್ಪ ಯಾವತ್ತು ತಮ್ಮ ಸ್ವಂತ ಎಂಜಿನ್‌ಗೆ ಹಾಕಿದ್ರು, ಎಲ್ಲಾ ಕಾರ್ಖಾನೇದೇ ಅಂದೆ.

ನಿನ್ನ ಕಾಗದಾನ ಫೋನಲ್ಲಿ ತೆಗೆದು ಮೇಜಿನ ಮೇಲೆ ಇಟ್ಕೊಂಡು ಮಾಡ್ತಿದೀನಿ, ನೀನು ಪರದೆ ಅಳತೆ ಚೀಟಿ ಇಟ್ಕೊಳ್ಳಲ್ವಾ ಹಾಗೆ. ಅಂಚಿಗೆ ದೊಡ್ಡವು, ಗೋಡೆ ಥರ. ನಡುವೆ ಸಣ್ಣವು. ಎದುರುಗಡೆ ಗುಂಡಿ. ಮೊದಲು ನಡುವೆ ಕೊರೆದೆ, ಆಮೇಲೆ ವಾಲಿದ್ದು ಅಂತ ಓದಿ, ಕಿತ್ತು ಮತ್ತೆ ಮಾಡ್ದೆ. ಮೇಲಿಂದ ಒಂದೆರಡು ಜಾರಿ ಬರ್ತಾ ಇರೋ ಹಾಗೆ. ಗುಂಡಿ ಬಾಯಲ್ಲಿ ಪುಡಿ ಚೆಲ್ಲಿದೆ. ಯಜಮಾನಿ ನೋಡಿ, ಇದೇನು ಗಲೀಜು, ಬ್ರಶ್‌ನಲ್ಲಿ ತೆಗಿ ಅಂದ್ರು. ಇರ್ಲಿ ಮೇಡಂ, ಕೆಲ್ಸ ನಡೀತಾ ಇರೋ ಜಾಗ ಅಂದೆ.

ಅಂದ್ಮೇಲೆ ಗೊತ್ತಾಯ್ತು ಅದು ಯಾರ ಮಾತು ಅಂತ. ಆದ್ರೂ ಏನೂ ಆಗ್ಲಿಲ್ಲ ಅಕ್ಕ. ಅಂಟಿನ ಹನಿ ಬಿಡ್ತಾ ಹೋದೆ.


ಜುಲೈ ೨೯, ವಾಯ್ಸ್ ನೋಟ್

ಅಕ್ಕ, ಡಾಕ್ಟರ್ ಇವತ್ತು ಬಂದಿದ್ರು. ಅರ್ಧಂಬರ್ಧ ಹೇಳ್ದೆ ಅಂತ ಆಮೇಲೆ ಬೈಬೇಡ, ಆದದ್ದು ಆದ ಹಾಗೇ ಹೇಳ್ತೀನಿ.

ಕೋಟು ಬಿಚ್ಚಿ ಕುರ್ಚಿಗೆ ಹಾಕಿದ್ರು. ಕನ್ನಡಿ ತೆಗೆದ್ರು. ಯಜಮಾನಿ ಪಕ್ಕದಲ್ಲೇ ನಿಂತಿದ್ರು. ಬಣ್ಣದವನು ಬ್ರಶ್ ತೊಳೆಯೋ ನೆಪ ಮಾಡ್ಕೊಂಡು ಬಂದ. ಡಾಕ್ಟರ್ ಟೆಂಡರ್ ಸುತ್ತ ಒಂದು ಸಲ ಬಂದ್ರು. ಆಮೇಲೆ ಎದುರಿಗೆ ಬಗ್ಗಿ, ಆ ಗುಂಡಿ ಒಳಗೆ ಕನ್ನಡಿ ಹಿಡಿದ್ರು. ತುಂಬ ಹೊತ್ತು ಹಾಗೇ ಇದ್ರು. ನಾನು ಅವರ ಬೋಳು ತಲೆ ನೋಡ್ತಾ ನಿಂತಿದ್ದೆ.

'ಎಡಚ' ಅಂದ್ರು.

ಯಜಮಾನಿ 'ಏನು' ಅಂದ್ರು.

'ಇದನ್ನ ತೆಗೆದವನು ಎಡಗೈಯವನು. ಹಲ್ಲುಜ್ಜೋದ್ರಲ್ಲೂ ಹೀಗೇ ಮೇಡಂ, ಯಾವ ಕೈಯಲ್ಲಿ ಉಜ್ತಾನೆ ಅನ್ನೋದು ಬಾಯಿ ತೆಗೆದ್ರೆ ಗೊತ್ತಾಗತ್ತೆ. ಒಂದು ಪಕ್ಕ ಸವೆದಿರತ್ತೆ' ಅಂತ ನನ್ನ ಕಡೆ ತಿರುಗಿದ್ರು. 'ನೀನಂತೂ ಅಲ್ಲ. ಚಿಮುಟ ಬಲಗೈಲಿದೆ. ಯಾರು ಇದು?'

'ನಮ್ಮಪ್ಪ' ಅಂದೆ.

ಅವರು ಹೂಂ ಅಂದ್ರು. ಮತ್ತೆ ಬಗ್ಗಿದ್ರು. ಚೆಲ್ಲಿದ್ನಲ್ಲ ಪುಡಿ, ಅದನ್ನ ಬೆರಳಲ್ಲಿ ಮುಟ್ಟೋಕೆ ಹೋಗಿ ಮುಟ್ಲಿಲ್ಲ, ಕೈ ಹಿಂದೆ ತಗೊಂಡ್ರು. 'ಈಗಷ್ಟೇ ತೆಗೆದಿದಾರೆ' ಅಂದ್ರು, ಒಂಥರ ತಮ್ಮಷ್ಟಕ್ಕೆ ಅನ್ನೋ ಹಾಗೆ. 'ಈ ಸಲಿಕೆ ಹಾಕಿ ಇನ್ನೇನು ವಾಪಸ್ ಬರ್ತಾರೆ, ಅಲ್ವಾ?'

ತಮಾಷೆಗೇ ಅಂದಿದ್ದು ಅಕ್ಕ. ಅವರಿಗೇನು ಗೊತ್ತು.

ಕೆಲ್ಸ ಸಿಕ್ತು. ಯಜಮಾನಿ ಅಲ್ಲೇ ಹೇಳಿದ್ರು, ಮೇಜು ನಿಂದೇ ಅಂತ. ಬಣ್ಣದವನು ಬೆನ್ನಿಗೊಂದು ಗುದ್ದಿದ. ನಾನು, ಕೈ ತೊಳ್ಕೊಂಡ್ ಬರ್ತೀನಿ ಸಾರ್ ಅಂತ ಹೊರಟೆ.

ಹಿಂದೆ ಒಂದು ನಲ್ಲಿ ಇದೆ, ತಗಡಿನ ತೊಟ್ಟಿ. ಡಬ್ಬಿ ಖಾಲಿ ಮಾಡೋವಾಗ ಕಲ್ಲಿದ್ದಲು ಪುಡಿ ಉಗುರ ಸಂದಿಗೆ ಸೇರ್ಕೊಂಡಿತ್ತು, ಇಷ್ಟು ದಿನ ಹೋಗಿರ್ಲಿಲ್ಲ. ಅಪ್ಪನ ಉಗುರು ಹೀಗೇ ಇರ್ತಿತ್ತು, ಅಮ್ಮ ಊಟಕ್ಕೆ ಕೂರೋಕೆ ಮುಂಚೆ ಕೈ ತೋರ್ಸಿ ಅಂತಿದ್ಲು. ಸೋಪು ಹಾಕ್ದೆ. ನೀರು ಕಪ್ಪಗೆ ಹೋಯ್ತು. ಆಮೇಲೆ ಬೂದು ಬಣ್ಣ. ಎರಡೂ ಕೈಲಿ ತೊಟ್ಟಿ ಹಿಡ್ಕೊಂಡೆ. ತೊಟ್ಟಿ ತಣ್ಣಗಿತ್ತು. ಆ ಸೂಜಿ ಮದ್ದು ಇಳಿದ ಹಾಗೆ, ತಣ್ಣಗಿದೆ ಅಂತ ಗೊತ್ತಾಯ್ತು.

ನೀರು ಬೆಳ್ಳಗೆ ಬರೋ ಹೊತ್ತಿಗೆ ನಲ್ಲಿ ನಿಲ್ಲಿಸ್ದೆ. ಒಂದು ಉಗುರಲ್ಲಿ ಇನ್ನೂ ಇತ್ತು. ಅದನ್ನ ಬಿಟ್ಟೆ.

ಇನ್ನೂ ಏನೋ ಹೇಳೋದಿತ್ತು ನಿನಗೆ. ಸ್ವಲ್ಪ ಇರು. ಮಾತಾಡ್ತೀನಿ ಈಗ. ಇರು ಅಕ್ಕ.